ವೈನಿಯ ಫಾಕ್ಸ್‌ಪ್ರೊ, ನನ್ನ ಜಾವಾ

ನಾನು ಬಿ.ಎಸ್ಸಿ. ಮುಗಿಸಿದ ವರ್ಷ ನಮ್ಮ ಮನೆಯಲ್ಲಿ ಎಲ್ಲರಿಗೂ ಕಂಪ್ಯೂಟರ್ ಬಗ್ಗೆ ಒಂದೊಂದು ಅಭಿಪ್ರಾಯವಿತ್ತು. ಕಂಪ್ಯೂಟರನ್ನು ಹತ್ತಿರದಿಂದ ನೋಡಿದವರು ಮಾತ್ರ ಯಾರೂ ಇರಲಿಲ್ಲ. ಅಪ್ಪ ಖಡಕಿಯ ಮದ್ದುಗುಂಡಿನ ಕಾರ್ಖಾನೆಯ ಕಚೇರಿಯಲ್ಲಿ ಗುಮಾಸ್ತರು. ಅಲ್ಲಿಗೆ ಒಂದು ಕಂಪ್ಯೂಟರ್ ಬಂದಿತ್ತಂತೆ, ಅದಕ್ಕೆ ಹೂವಿನ ಬಟ್ಟೆ ಹೊದಿಸಿ ಮೂಲೆಯಲ್ಲಿ ಇಟ್ಟಿದ್ದರಂತೆ. ಅಣ್ಣನದು ಚಿಂಚವಡದ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಬಾಗಲಕೋಟೆ ಕಡೆಯಿಂದ ಜೇಜುರಿಗೆ ಹರಕೆ ತೀರಿಸಲು ಬರುವ ನೆಂಟರೆಲ್ಲ ನಮ್ಮ ಕ್ವಾರ್ಟರ್ಸಿನಲ್ಲೇ ಇಳಿಯುತ್ತಿದ್ದರು. ಹಣೆಯ ಭಂಡಾರದ ಅರಿಸಿನ ಒರೆಸಿಕೊಳ್ಳದೆ ಚಹಾಕ್ಕೆ ಕೂತವರು, ಹುಡುಗಿಗೆ ಕಂಪ್ಯೂಟರ್ ಕಲಿಸ್ರಿ, ಈಗೆಲ್ಲಾ ಅದರದ ನಡದದ ಎಂದು ಅಪ್ಪನಿಗೆ ಹೇಳಿ ಹೋಗುತ್ತಿದ್ದರು. ಕಂಪ್ಯೂಟರ್‌ನಲ್ಲಿ ಏನನ್ನು ಕಲಿಯಬೇಕು ಎಂದು ಅವರಿಗೂ ತಿಳಿದಿರಲಿಲ್ಲ. ನನಗೂ ತಿಳಿದಿರಲಿಲ್ಲ.

ಆಗ ತೊಂಬತ್ತರ ದಶಕದ ನಡುಭಾಗ. ನಾವಿದ್ದ ಮರಾಠಿ ಶಹರದಲ್ಲಿ ಶಿವಾಜಿನಗರದಿಂದ ಡೆಕ್ಕನ್‌ವರೆಗೆ ಯಾವ ಕಟ್ಟಡ ನೋಡಿದರೂ ಎರಡನೇ ಮಹಡಿಯಲ್ಲಿ ಒಂದು ಕಂಪ್ಯೂಟರ್ ಕ್ಲಾಸಿನ ಬೋರ್ಡು ಇರುತ್ತಿತ್ತು. ಅಂಥ ಒಂದು ಕ್ಲಾಸಿಗೆ ವಿಚಾರಿಸಲು ನಾನು ಹೊರಟಾಗ ಅವ್ವ ವೈನಿಯನ್ನೂ ಜೊತೆಗೆ ಕಳಿಸಿದಳು. ವೈನಿ ಎಂದರೆ ಅಣ್ಣನ ಹೆಂಡತಿ. ಮದುವೆಯಾಗಿ ಗದಗಿನಿಂದ ಬಂದು ಇನ್ನೂ ಒಂದೇ ವರ್ಷವಾಗಿತ್ತು. ಕನ್ನಡ ಮಾಧ್ಯಮದಲ್ಲಿ ಓದಿ ಬಿ.ಕಾಂ. ಮಾಡಿದ್ದವರು. ಕಾಯಿಪಲ್ಲೆಯವಳ ಹತ್ತಿರ ಮರಾಠಿಯಲ್ಲಿ ಎರಡು ಮಾತು ಆಡುವಷ್ಟರಲ್ಲಿ ಅವರ ಹಣೆ ಬೆವರುತ್ತಿತ್ತು. ಊರು ನೋಡಿದಂಗ ಆಗತದ, ಹೋಗಿ ಬಾ ಎಂದು ಅವ್ವ ಅವರಿಗೆ ಹೇಳಿದ್ದಳು. ಖಡಕಿಯಿಂದ ಲೋಕಲ್ ರೈಲು ಹಿಡಿದು ಶಿವಾಜಿನಗರದಲ್ಲಿ ಇಳಿದೆವು.

ಕ್ಲಾಸಿನ ಮೇಡಂ ನಮ್ಮನ್ನು ಗಾಜಿನ ಕೋಣೆಯಲ್ಲಿ ಕೂರಿಸಿ ಬಣ್ಣಬಣ್ಣದ ಕಾಗದಗಳನ್ನು ಮೇಜಿನ ಮೇಲೆ ಹರಡಿದರು. ನನಗೆ ಅದಾಗಲೇ ಸಿ ಪ್ಲಸ್ ಪ್ಲಸ್ ಎಂಬ ಕಂಪ್ಯೂಟರ್ ಭಾಷೆ ಬೇಕಾಗಿತ್ತು. ಯಾಕೆ ಎಂದರೆ, ನಮ್ಮ ಕಾಲೇಜಿನಲ್ಲಿ ಗಣಿತಕ್ಕೆ ಮೊದಲು ಬಂದವಳು ಅದನ್ನೇ ಸೇರಿದ್ದಳು. ಇದಕ್ಕಿಂತ ದೊಡ್ಡ ಕಾರಣ ನನಗೆ ಬೇಕೆನಿಸಿರಲಿಲ್ಲ. ಮೇಡಂ ಕೋಬಾಲ್ ಎಂಬ ಇನ್ನೊಂದು ಭಾಷೆಯ ಹೆಸರು ಎತ್ತಿದಾಗ, ಅದು ಹಳೆಯದಾಯಿತು, ಬೇಡ ಎಂದೆ. ಅದನ್ನು ಯಾರೋ ಹೇಳಿದ್ದು ಕೇಳಿ ಹೇಳಿದೆನೇ ಹೊರತು ಕೋಬಾಲ್ ಎಂದರೇನು ಎಂದು ನನಗೆ ತಿಳಿದಿರಲಿಲ್ಲ.

ವೈನಿ ಆ ಕಾಗದಗಳನ್ನೆಲ್ಲ ಓದುತ್ತಿದ್ದರು. ನಾನು ಅರ್ಜಿ ತುಂಬತೊಡಗಿದಾಗ ನನ್ನ ಮೊಣಕೈ ಮುಟ್ಟಿ, ಇವನ್ನೆಲ್ಲ ಕಲಿತವರು ಎಲ್ಲಿ ಕೆಲಸ ಮಾಡುತ್ತಾರೆ ಎಂದು ಮೇಡಂ ಅವರನ್ನು ಕೇಳು ಎಂದರು. ನಾನು ಮರಾಠಿಯಲ್ಲಿ ಕೇಳಿದೆ. ಸಿ ಪ್ಲಸ್ ಪ್ಲಸ್ ಕಲಿತವರು ಅಮೆರಿಕಕ್ಕೆ ಹೋಗುತ್ತಾರೆ ಎಂದರು ಮೇಡಂ. ವೈನಿ ಇನ್ನೊಂದು ಕಾಗದದ ಮೇಲೆ ಬೆರಳಿಟ್ಟರು. ಫಾಕ್ಸ್‌ಪ್ರೊ? ಅದು ದಾಸ್ತಾನು, ಬಿಲ್ಲು, ಪಗಾರದಂಥ ವಿವರಗಳನ್ನು ಜೋಡಿಸಿಡುವ ಭಾಷೆ; ಅದನ್ನು ಕಲಿತವರು ಭೋಸರಿ, ಪಿಂಪರಿಯ ಸಣ್ಣ ಸಣ್ಣ ಕಾರ್ಖಾನೆಗಳಿಗೆ ಹೋಗುತ್ತಾರೆ ಎಂದರು. ಅಮೆರಿಕದ ಹೆಸರು ಹೇಳುವಾಗ ಇದ್ದ ನಗು ಭೋಸರಿಯ ಹೆಸರು ಹೇಳುವಾಗ ಇರಲಿಲ್ಲ.

ಮರಳಿ ಬರುವಾಗ ಲೋಕಲ್‌ನಲ್ಲಿ ಕಿಟಕಿಯ ಪಕ್ಕ ಕೂತಿದ್ದ ವೈನಿ, ನನ್ನ ಕಡೆ ತಿರುಗದೆ ಕೇಳಿದರು.

"ತಂಗಿ, ಆ ಫಾಕ್ಸ್‌ಪ್ರೊ ನಾ ಕಲೀಲೇನು?"

ಅವರು ಬಿ.ಕಾಂ. ಮಾಡಿದ್ದನ್ನೇ ನಾನು ಮರೆತಿದ್ದೆ. ಮನೆಯಲ್ಲಿ ಅವರನ್ನು ಒಲೆಯ ಮುಂದೆ ನೋಡಿ ನೋಡಿ ಅಷ್ಟೇ ಎಂದುಕೊಂಡಿದ್ದೆ. ಅಣ್ಣನಿಗೆ ಏನು ಹೇಳುತ್ತೀರಿ ಎಂದು ಕೇಳಿದ್ದಕ್ಕೆ, ಅವರು ಬೇಡ ಅನ್ನುವುದಿಲ್ಲ, ಅತ್ತಿಯವರಿಗೆ ನೀನೇ ಹೇಳಬೇಕು ಎಂದರು.

ಅವ್ವ ಬೇಡ ಅನ್ನಲಿಲ್ಲ, ಆದರೆ ಸಂಜೆ ರೊಟ್ಟಿ ಯಾರು ಬಡಿಯಬೇಕು ಎಂದು ಕೇಳಿದಳು. ಅವಳಿಗೆ ಆಗಲೇ ಮೊಣಕಾಲ ನೋವು. ಅಪ್ಪ ಮರಾಠಿ ಪೇಪರು ಮಡಚಿಟ್ಟರು.

"ಸಂಜಿಗೆ ಅನ್ನಕ್ಕ ನಾ ಇಡ್ತೀನಿ. ಇಬ್ರೂ ಹೋಗಿ ಬರ್ಲಿ."

ಅಪ್ಪ ಅಲ್ಲಿಯವರೆಗೆ ನೀರನ್ನೂ ಕಾಯಿಸಿದವರಲ್ಲ. ಮೊದಲ ಕೆಲವು ದಿನ ಅನ್ನ ಗಂಜಿಯಾಗಿ ಇಳಿಯಿತು. ಅಣ್ಣ ಪಾಳಿ ಮುಗಿಸಿ ಬಂದು ಅದಕ್ಕೆ ಸಾರು ಸುರಿದುಕೊಂಡು ಉಂಡ. ಆಮೇಲೆ ಅಪ್ಪನ ಕೈ ಪಳಗಿತು. ನಾವು ಕಲಿಯುವುದು ಮುಗಿದ ಮೇಲೂ ಅವರು ಆ ಕೆಲಸ ಬಿಡಲಿಲ್ಲ.

ಕ್ಲಾಸಿನಲ್ಲಿ ಕಂಪ್ಯೂಟರ್ ಇದ್ದ ಕೋಣೆಗೆ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಿತ್ತು. ಎ.ಸಿ.ಯ ತಂಪಿನಲ್ಲಿ ವೈನಿ ಸೆರಗನ್ನು ಹೆಗಲ ಸುತ್ತ ಹೊದ್ದು ಕೂರುತ್ತಿದ್ದರು. ಅವರ ತಂಡದಲ್ಲಿ ಇದ್ದವರೆಲ್ಲ ಕಾಲೇಜು ಹುಡುಗ ಹುಡುಗಿಯರು. ಸೀರೆಯುಟ್ಟವರು ಅವರೊಬ್ಬರೇ. ಪಾಠ ಇಂಗ್ಲಿಷಿನಲ್ಲಿ, ಮಧ್ಯೆ ಹಾಸ್ಯ ಮರಾಠಿಯಲ್ಲಿ. ಎರಡರಲ್ಲೂ ವೈನಿಗೆ ಅರ್ಧ ತಿಳಿಯುತ್ತಿರಲಿಲ್ಲ. ಮೊದಲ ವಾರ ಬಹಳ ಕಷ್ಟವಾಗಿರಬೇಕು, ರೈಲಿನಲ್ಲಿ ಅವತ್ತು ಬರೆದುಕೊಂಡದ್ದನ್ನು ಮತ್ತೆ ಮತ್ತೆ ತಿರುವುತ್ತಿದ್ದರು. ಒಂದು ದಿನ ಮಾತ್ರ ಹಿಗ್ಗಿನಿಂದ ಹೊರಗೆ ಬಂದರು. ಅವರು ಬರೆದದ್ದು ಮೊದಲ ಸಲ ತಪ್ಪಿಲ್ಲದೆ ನಡೆದಿತ್ತು. ಮರಾಠಿಗಿಂತ ಇದೇ ಸಸಾರ ಎಂದರು. ಮಂದಿ ಮಾತಾಡುವಾಗ ಮಾತು ಯಾವ ಕಡೆ ತಿರುಗುತ್ತದೆ ಎಂದು ತಿಳಿಯುವುದಿಲ್ಲ, ಇದು ಹೇಳಿದ್ದಷ್ಟನ್ನೇ ಕೇಳುತ್ತದೆ, ತಪ್ಪಾದರೆ ಎಲ್ಲಿ ತಪ್ಪಿತು ಅಂತಲೂ ಹೇಳುತ್ತದೆ, ನಗುವುದಿಲ್ಲ ಎಂದರು.

ನನ್ನ ಸಿ ಪ್ಲಸ್ ಪ್ಲಸ್ ಅಷ್ಟು ಸುಲಭಕ್ಕೆ ಒಲಿಯಲಿಲ್ಲ. ಆದರೂ ಪಟ್ಟು ಹಿಡಿದು ಕಲಿತೆ. ಒಳ್ಳೆಯ ಅಂಕಗಳೂ ಬಂದವು. ಮುಂದಿನ ವರ್ಷ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸವೂ ಸಿಕ್ಕಿತು. ಅವ್ವ ಓಣಿಗೆಲ್ಲ ಬೇಸನ್ ಲಾಡು ಹಂಚಿದಳು. ಕೆಲಸಕ್ಕೆ ಸೇರಿದ ಮೊದಲ ದಿನ ನಮ್ಮನ್ನೆಲ್ಲ ಒಂದು ಹಾಲ್‌ನಲ್ಲಿ ಕೂರಿಸಿದರು. ಎರಡು ಸಾವಿರದ ಇಸವಿ ಬಂದಾಗ ಹಳೆಯ ಪ್ರೋಗ್ರಾಮುಗಳೆಲ್ಲ ವರ್ಷವನ್ನು ತಪ್ಪು ಓದಿ ಕೆಟ್ಟು ನಿಲ್ಲಬಹುದು, ಅವನ್ನೆಲ್ಲ ತಿದ್ದುವುದು ನಿಮ್ಮ ಕೆಲಸ ಎಂದರು. ಆ ಹಳೆಯ ಪ್ರೋಗ್ರಾಮುಗಳು ಇದ್ದದ್ದು ಕೋಬಾಲ್‌ನಲ್ಲಿ. ತರಾತುರಿಯಲ್ಲಿ ಕೋಬಾಲ್ ಕಲಿಸಿ ನಮ್ಮನ್ನು ಸಾಲಾಗಿ ಕೂರಿಸಿದರು. ನಾನು ಇಷ್ಟಪಟ್ಟು ಕಲಿತ ಭಾಷೆಯ ಒಂದು ಸಾಲನ್ನೂ ಆ ಕಂಪನಿಯಲ್ಲಿ ಬರೆಯಲಿಲ್ಲ.

ಮನೆಗೆ ಬಂದು ವೈನಿಯ ಮುಂದೆ ಅತ್ತೆ. ಅವರು ಸಮಾಧಾನ ಮಾಡುವ ಬದಲು, ಆ ಕೋಬಾಲ್ ಹೆಂಗದ, ಹೇಳು ಎಂದು ಕೇಳತೊಡಗಿದರು. ನಾನು ಸಿಟ್ಟಿನಿಂದಲೇ ಹೇಳಿದೆ. ಅದು ಉದ್ದುದ್ದ ವಾಕ್ಯ ಬರೆಸುತ್ತದೆ, ದೊಡ್ಡ ದೊಡ್ಡ ಬ್ಯಾಂಕುಗಳ ಕೆಲಸವೆಲ್ಲ ಅದರಲ್ಲೇ ನಡೆಯುತ್ತದೆ ಎಂದು ಹೇಳುತ್ತ ಹೇಳುತ್ತ ನನಗೇ ಅದರ ಮೇಲಿನ ಸಿಟ್ಟು ಕಡಿಮೆಯಾಯಿತು. ಆ ಕೆಲಸದಲ್ಲಿ ನಾನು ಕಲಿತದ್ದೂ ಬಹಳ. ಯಾರೋ ಎಂದೋ ಬರೆದದ್ದನ್ನು ಓದಿ, ಅವರು ಏನು ಯೋಚಿಸಿದ್ದರು ಎಂದು ಊಹಿಸುವುದು ಅಲ್ಲೇ ರೂಢಿಯಾಯಿತು.

ಅಷ್ಟರಲ್ಲಿ ವೈನಿಗೆ ಭೋಸರಿಯಲ್ಲಿ ಕೆಲಸ ಸಿಕ್ಕಿತ್ತು. ಗಾಡಿಗಳ ಬಿಡಿಭಾಗ ಮಾಡುವ ಮಧ್ಯಮ ಗಾತ್ರದ ಕಾರ್ಖಾನೆ. ದಾಸ್ತಾನು ಕೋಣೆಯಲ್ಲಿ ಏನಿದೆ, ಎಷ್ಟಿದೆ, ಇವತ್ತು ಎಲ್ಲಿಗೆ ಏನು ಹೋಗಬೇಕು ಎನ್ನುವುದನ್ನೆಲ್ಲ ಅವರು ಒಬ್ಬರೇ ಫಾಕ್ಸ್‌ಪ್ರೊದಲ್ಲಿ ಜೋಡಿಸಿದರು. ಕೆಲವು ವರ್ಷಗಳಲ್ಲಿ ಅದೇ ಮಾಲೀಕರು ಚಾಕಣದಲ್ಲಿ ಎರಡನೇ ಕಾರ್ಖಾನೆ ತೆರೆದಾಗ ವೈನಿಯನ್ನು ಅಲ್ಲಿಗೆ ಹಾಕಿದರು. ಈಗ ಅವರು ಮರಾಠಿಯಲ್ಲಿ ಜಗಳ ಕೂಡ ಆಡುತ್ತಿದ್ದರು.

ಎರಡು ಸಾವಿರದ ಇಸವಿ ಬಂತು. ನಾವು ತಿದ್ದಿದ್ದೆಲ್ಲ ಸರಿಯಾಗಿ ನಡೆಯಿತು. ಸರಿಯಾಗಿ ನಡೆದದ್ದರಿಂದಲೇ ನಮ್ಮ ಕೆಲಸ ಮುಗಿಯಿತು. ಸ್ವಲ್ಪ ದಿನ ನಮ್ಮನ್ನು ಬೇರೆ ಬೇರೆ ತಂಡಗಳಿಗೆ ಹಂಚುತ್ತೇವೆ ಎಂದರು. ಆಮೇಲೆ ಅಮೆರಿಕದಲ್ಲಿ ಮಾರುಕಟ್ಟೆ ಕುಸಿಯಿತು, ಅಲ್ಲಿಂದ ಬರುವ ಕೆಲಸಗಳು ನಿಂತವು. ಒಂದು ಶುಕ್ರವಾರ ನಮ್ಮಲ್ಲಿ ಹಲವರನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದು, ಸೋಮವಾರದಿಂದ ಬರುವುದು ಬೇಡ ಎಂದು ಮೆತ್ತಗೆ ಹೇಳಿದರು.

ಅದೇ ಹೊತ್ತಿಗೆ ವರ ನೋಡುವುದೂ ನಡೆದಿತ್ತು. ಸೊಲ್ಲಾಪುರದ ಕಡೆಯ ಒಂದು ಮನೆಯವರು ನೋಡಲು ಬಂದಾಗ ಹುಡುಗನ ಸೋದರಮಾವ ನನ್ನ ಓದು, ಅಡಿಗೆ ಎಲ್ಲ ವಿಚಾರಿಸಿ, ಕೊನೆಗೆ ಗಂಭೀರವಾಗಿ ಕೇಳಿದರು.

"ಹುಡುಗಿ ಯಾವುದರಾಗ ಅದಾಳ್ರಿ? ಜಾವಾದಾಗೋ, ಡಾಟ್ ನೆಟ್‌ದಾಗೋ?"

ಅವ್ವ ಅವರಿಗೆ ಚಹಾ ಮುಂದಿಟ್ಟಳು. "ಸದ್ಯಕ್ಕ ಮನಿಯಾಗ ಅದಾಳ್ರಿ," ಎಂದಳು.

ಅವರು ಹೋದ ಮೇಲೆ ವೈನಿ ಅಡಿಗೆಮನೆಯಲ್ಲಿ ಗೋಡೆಗೆ ಒರಗಿ ನಕ್ಕಿದ್ದೇ ನಕ್ಕಿದ್ದು. ನಾನೂ ನಕ್ಕೆ. ಆದರೆ ಆ ಮಾವ ಕೇಳಿದ್ದು ನನ್ನ ತಲೆಯನ್ನು ದಿನವೂ ತಿನ್ನುತ್ತಿದ್ದ ಪ್ರಶ್ನೆಯೇ ಆಗಿತ್ತು. ಪೇಪರಿನಲ್ಲಿ ಕೆಲಸದ ಜಾಹೀರಾತು ಬರುವ ದಿನ ನಾನು ಕೆಂಪು ಪೆನ್ನು ಹಿಡಿದು ಕೂರುತ್ತಿದ್ದೆ. ಪ್ರೋಗ್ರಾಮು ಬರೆಯುವ ಎರಡು ಹೊಸ ದಾರಿಗಳಲ್ಲಿ ಒಂದು ವಾರ ಜಾವಾ ಹೆಚ್ಚು ಕಂಡರೆ ಇನ್ನೊಂದು ವಾರ ಡಾಟ್ ನೆಟ್ ಕಾಣುತ್ತಿತ್ತು. ಜಾವಾ ಎಂದರೂ ಬರೀ ಜಾವಾ ಅಲ್ಲ, ಅದರ ಹಿಂದೆ ನಾಲ್ಕಾರು ಬೇರೆ ಹೆಸರುಗಳ ಬಾಲ. ಅಪ್ಪಾ ಬಳವಂತ ಚೌಕಕ್ಕೆ ಹೋಗಿ ಪುಸ್ತಕ ತರುತ್ತಿದ್ದೆ. ಅಲ್ಲಿನ ಅಂಗಡಿಯವರು ಒಂದು ಪುಸ್ತಕ ಕೇಳಿದರೆ, ಈಗ ಎಲ್ಲರೂ ಇದನ್ನು ಒಯ್ಯುತ್ತಿದ್ದಾರೆ ಎಂದು ಇನ್ನೊಂದು ಕೈಗಿಡುತ್ತಿದ್ದರು. ಇಟ್ಟಿಗೆಯಷ್ಟು ದಪ್ಪನೆಯವು. ಒಂದರಲ್ಲಿ ಮೂರು ಅಧ್ಯಾಯ ಓದುವಷ್ಟರಲ್ಲಿ, ತಪ್ಪು ಕುದುರೆ ಹತ್ತಿದೆನೇನೋ ಎಂಬ ಭಯ ಶುರುವಾಗಿ ಇನ್ನೊಂದನ್ನು ತೆರೆಯುತ್ತಿದ್ದೆ. ಮೊದಲ ಸಲ ಗಣಿತಕ್ಕೆ ಮೊದಲು ಬಂದವಳ ಹಿಂದೆ ಹೋಗಿದ್ದೆ. ಈಗ ಪೇಪರಿನ ಹಿಂದೆ ಹೋಗುತ್ತಿದ್ದೆ.

ಹೀಗೆ ಎರಡು ಮೂರು ತಿಂಗಳು ಕಳೆದಿರಬೇಕು. ಒಂದು ಭಾನುವಾರ ಶೇಂಗಾ ಹುರಿಯುತ್ತಿದ್ದ ವೈನಿ, ನಾಳೆ ನನ್ನ ಜೊತೆ ಚಾಕಣಕ್ಕೆ ಬಾ ಎಂದರು. ಅಲ್ಲಿ ನನಗೇನು ಕೆಲಸ ಎಂದೆ.

"ನನಗೊಂದು ತೊಡಕು ಬಂದದ. ಫಾಕ್ಸ್‌ಪ್ರೊದಾಗ ಬಗಿಹರಿಯವಲ್ದು. ನೀ ಬಂದು ನೋಡು. ಯಾವ ಭಾಷಾ ಅನ್ನೂದು ಆಮ್ಯಾಲೆ ನೋಡೂಣು."

ಕಾರ್ಖಾನೆಯ ಬಸ್ಸು ನಾಸಿಕದ ರಸ್ತೆಯಲ್ಲಿ ಹೋಗುತ್ತಿತ್ತು. ಚಾಕಣದ ಹತ್ತಿರ ಒಂದು ಕಡೆ ಈರುಳ್ಳಿಯ ಗಾಡಿಗಳ ಸಾಲು, ಇನ್ನೊಂದು ಕಡೆ ಹೊಸ ಶೆಡ್ಡುಗಳಿಗೆ ಎಬ್ಬಿಸುತ್ತಿದ್ದ ಗೋಡೆಗಳು. ವೈನಿಯ ತೊಡಕು ಹೀಗಿತ್ತು. ದೊಡ್ಡ ಕಾರು ಕಾರ್ಖಾನೆಯವರು ತಮಗೆ ಇವತ್ತು ಯಾವ ಬಿಡಿಭಾಗ ಬೇಕು ಎಂದು ದಿನದಲ್ಲಿ ಹಲವು ಸಲ ಬದಲಿಸಿ ಹೇಳುತ್ತಿದ್ದರು. ಮಾಲು ಅರ್ಧ ಭೋಸರಿಯಲ್ಲಿ, ಅರ್ಧ ಚಾಕಣದಲ್ಲಿ. ವೈನಿಯ ಪ್ರೋಗ್ರಾಮು ಇದ್ದದ್ದು ಚಾಕಣದ ಒಂದೇ ಕಂಪ್ಯೂಟರಿನಲ್ಲಿ. ಭೋಸರಿಯಲ್ಲಿ ಏನಿದೆ ಎಂದು ತಿಳಿಯಲು ಅಲ್ಲಿನ ಗುಮಾಸ್ತನಿಗೆ ಫೋನು ಮಾಡಬೇಕು, ಅವನು ಎದ್ದು ಹೋಗಿ ನೋಡಿ ಬಂದು ಹೇಳಬೇಕು. ಅಷ್ಟರಲ್ಲಿ ಬೇಡಿಕೆ ಮತ್ತೆ ಬದಲಾಗಿರುತ್ತಿತ್ತು. ಎರಡೂ ಕಡೆಯವರು ಒಂದೇ ವಿವರವನ್ನು ಒಂದೇ ಹೊತ್ತಿಗೆ ನೋಡುವಂತೆ, ಬರೆಯುವಂತೆ ಆಗಬೇಕಿತ್ತು. ಎರಡು ಕಾರ್ಖಾನೆಗಳ ನಡುವೆ ಮಾಲೀಕರು ಅದೇ ತಾನೆ ಕಂಪ್ಯೂಟರುಗಳನ್ನು ಜೋಡಿಸುವ ಒಂದು ಲೈನು ಹಾಕಿಸಿದ್ದರು. ಅದರಲ್ಲಿ ಏನು ಹರಿಸಬೇಕು ಎಂದು ಯಾರಿಗೂ ತಿಳಿದಿರಲಿಲ್ಲ.

ಅವತ್ತು ಸಂಜೆಯವರೆಗೆ ನಾನು ವೈನಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದೆ. ಹಲವು ತಿಂಗಳಲ್ಲಿ ಮೊದಲ ಸಲ, ಯಾವುದು ಉಳಿಯುತ್ತದೆ ಯಾವುದು ಹೋಗುತ್ತದೆ ಎಂಬ ಯೋಚನೆ ಬರಲಿಲ್ಲ. ಮಾಲೀಕರು ವೈನಿಯ ಮಾತಿನ ಮೇಲೆ ನನ್ನನ್ನು ಸ್ವಲ್ಪ ಕಾಲಕ್ಕೆ ತೆಗೆದುಕೊಂಡರು. ಬ್ರೌಸರಿನಲ್ಲಿ ತೆರೆಯುವ ಪುಟಗಳನ್ನು ಜಾವಾದಲ್ಲಿ ಬರೆಯೋಣ ಎಂದು ನಿರ್ಧರಿಸಿದೆ. ಕಾರಣ ದೊಡ್ಡದೇನಲ್ಲ. ಅದಕ್ಕೆ ಬೇಕಾದದ್ದೆಲ್ಲ ಉಚಿತವಾಗಿ ಸಿಗುತ್ತಿತ್ತು. ಸಿ ಪ್ಲಸ್ ಪ್ಲಸ್ ಬಲ್ಲವಳಿಗೆ ಜಾವಾ ದೂರದ ನೆಂಟನ ಮುಖದಂತೆ ಸ್ವಲ್ಪ ಪರಿಚಿತವಾಗಿಯೂ ಇತ್ತು. ಬೇಡವಾಗಿ ಬಿದ್ದಿದ್ದ ಸಿ ಪ್ಲಸ್ ಪ್ಲಸ್ ಹಾಗೆ ಕೆಲಸಕ್ಕೆ ಬಂತು.

ಪುಟದ ಮೇಲೆ ಪುಟ ಬರೆಯುತ್ತ ಹೋದೆ. ವೈನಿ ದಿನವೂ ಹೊಸದೊಂದು ಕೇಳುತ್ತಿದ್ದರು. ವಾಪಸ್ಸು ಬಂದ ಮಾಲಿಗೆ ಒಂದು ಪುಟ, ಲಾರಿ ಹೊರಡುವ ಮುಂಚಿನ ಚೀಟಿಗೆ ಒಂದು ಪುಟ. ಹೀಗೆ ಬೆಳೆದ ಆ ಪ್ರೋಗ್ರಾಮು, ಮದುವೆ ಮನೆಯ ಚಪ್ಪಲಿ ರಾಶಿಯ ಹಾಗೆ ಆಯಿತು. ಯಾವುದನ್ನು ಮುಟ್ಟಿದರೆ ಯಾವುದು ಕದಲುತ್ತದೆ ಎಂದು ನನಗೇ ಗೊತ್ತಾಗುತ್ತಿರಲಿಲ್ಲ. ಆದರೂ ನಡೆಯಿತು. ಎರಡೂ ಕಡೆ ಶುರು ಮಾಡಿದೆವು.

ಶುರು ಮಾಡಿದ ವಾರವೇ ಅಧ್ವಾನವಾಯಿತು. ಚಾಕಣದಿಂದ ಹೊರಟ ಲಾರಿಯಲ್ಲಿ ಭೋಸರಿಯಿಂದ ಹೋಗಬೇಕಾಗಿದ್ದ ಮಾಲು ತುಂಬಿತ್ತು. ಚೀಟಿಯಲ್ಲೂ ಹಾಗೇ ಅಚ್ಚಾಗಿತ್ತು. ಲಾರಿ ಕಾರು ಕಾರ್ಖಾನೆಯ ಗೇಟಿನಿಂದ ವಾಪಸ್ಸು ಬಂತು. ಸಾಗಣೆ ವಿಭಾಗದವರು ಎಲ್ಲರ ಎದುರಿಗೇ, ಹಳೆಯದೇ ಚೆನ್ನಾಗಿತ್ತು ಎಂದರು. ನಾನು ಪದೇ ಪದೇ ಪರೀಕ್ಷೆ ಮಾಡಿದೆ. ನಾನು ನೋಡುವಾಗ ಎಲ್ಲ ಸರಿಯಾಗಿಯೇ ಇತ್ತು. ವೈನಿಗೆ ನನ್ನಿಂದ ಕೆಟ್ಟ ಹೆಸರು ಬಂತಲ್ಲ ಎಂದು ಊಟದ ಡಬ್ಬಿ ತೆರೆಯಲು ಮನಸ್ಸಾಗಲಿಲ್ಲ.

ವೈನಿ ಡಬ್ಬಿ ತೆರೆದು ನನ್ನ ಮುಂದೆ ತಳ್ಳಿ, ತಪ್ಪಾದ ಚೀಟಿಗಳನ್ನೆಲ್ಲ ಪಕ್ಕದಲ್ಲಿ ಹರಡಿಕೊಂಡರು. ಭೋಸರಿಯವನಿಗೆ ಫೋನು ಮಾಡಿ, ನೀ ಯಾವ ಯಾವ ಹೊತ್ತಿಗೆ ಕೂತು ಬರೆದಿ ಎಂದು ಕೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಇಬ್ರೂ ಕೂಡೇ ಬರದಾಗಷ್ಟ ತಪ್ಪತದ ನೋಡು. ನೀ ಒಬ್ಬಾಕಿನ ಕೂತು ನೋಡಿದ್ರ ಹೆಂಗ ಸಿಗತದ?"

ಹೌದಾಗಿತ್ತು. ನಾನು ಬೇಡಿಕೆಯ ವಿವರವನ್ನು ಇಟ್ಟಿದ್ದ ಜಾಗ ಎಲ್ಲರಿಗೂ ಸೇರಿ ಒಂದೇ. ಇಬ್ಬರು ಏಕಕಾಲಕ್ಕೆ ಒತ್ತಿದರೆ ಒಬ್ಬರು ಬರೆದದ್ದು ಇನ್ನೊಬ್ಬರ ಪರದೆಗೆ ಹೋಗುತ್ತಿತ್ತು. ಎಲ್ಲಿ ತಪ್ಪು ಎಂದು ಗೊತ್ತಾದ ಮೇಲೆ ತಿದ್ದುವುದು ಒಂದು ಮಧ್ಯಾಹ್ನದ ಕೆಲಸ. ಆದರೆ ಅದೇ ತಪ್ಪನ್ನು ನಾನು ಪ್ರತಿ ಪುಟದಲ್ಲೂ ಬೇರೆ ಬೇರೆ ರೀತಿಯಲ್ಲಿ ಮಾಡಿದ್ದೆ. ಪ್ರತಿ ಪುಟವನ್ನೂ ಮತ್ತೆ ತೆರೆದು ತಿದ್ದುತ್ತಿದ್ದಾಗ, ಮನೆಯಲ್ಲಿ ಮೂರು ಅಧ್ಯಾಯ ಓದಿ ಬಿಟ್ಟಿದ್ದ ಪುಸ್ತಕವೊಂದು ನೆನಪಾಯಿತು. ಅದು ಸ್ಟ್ರಟ್ಸ್ ಎಂಬ ಫ್ರೇಮ್‌ವರ್ಕಿನದು. ಬರುವ ಬೇಡಿಕೆ ಎಲ್ಲಿಗೆ ಹೋಗಬೇಕು, ತುಂಬಿದ ವಿವರ ಎಲ್ಲಿ ಇರಬೇಕು, ಪರದೆಯ ಅಲಂಕಾರ ಎಲ್ಲಿರಬೇಕು ಎಂದು ಮೊದಲೇ ಕೋಣೆಗಳನ್ನು ಹಾಕಿಕೊಟ್ಟ ಮನೆಯಂಥದ್ದು. ಓದಿದಾಗ, ಇಷ್ಟೆಲ್ಲ ಕಟ್ಟುಪಾಡು ಯಾರಿಗೆ ಬೇಕು ಎನಿಸಿತ್ತು. ಆ ಸಂಜೆ ಮನೆಗೆ ಬಂದು ಅದೇ ಪುಸ್ತಕ ತೆರೆದರೆ ಪ್ರತಿ ಸಾಲೂ ನನ್ನ ಲಾರಿಯ ಬಗ್ಗೆಯೇ ಬರೆದ ಹಾಗಿತ್ತು. ಬರೆದವರಿಗೂ ಎಲ್ಲೋ ಒಂದು ಲಾರಿ ವಾಪಸ್ಸು ಬಂದಿರಬೇಕು ಎನಿಸಿ ನಗು ಬಂತು.

ಎಲ್ಲವನ್ನೂ ಅದರಲ್ಲಿ ಹೊಸದಾಗಿ ಬರೆದೆ. ವೈನಿ ಮತ್ತು ಭೋಸರಿಯ ಗುಮಾಸ್ತ ಫೋನಿನಲ್ಲಿ ಮಾತಾಡಿಕೊಂಡು, ಬೇಕೆಂದೇ ಇಬ್ಬರೂ ಕೂಡಿ ಒತ್ತಿ ಒತ್ತಿ ನೋಡಿದರು. ತಪ್ಪಲಿಲ್ಲ. ಮಳೆಗಾಲ ಶುರುವಾಗುವ ಹೊತ್ತಿಗೆ ಸಾಗಣೆಯವರು ಹಳೆಯ ಪದ್ಧತಿಯ ಮಾತು ಎತ್ತುವುದನ್ನು ಬಿಟ್ಟಿದ್ದರು.

ಅದಾದ ಮೇಲೆ ಒಂದು ಕಂಪನಿಯಿಂದ ಸಂದರ್ಶನಕ್ಕೆ ಕರೆ ಬಂತು. ಎದುರಿಗೆ ಕೂತಿದ್ದವರು ನನ್ನ ಕೆಲಸದ ಚರಿತ್ರೆ ನೋಡಿ, ಸಿ ಪ್ಲಸ್ ಪ್ಲಸ್ ಕಲಿತು, ಕೋಬಾಲ್ ಮಾಡಿ, ಈಗ ಜಾವಾ ಅನ್ನುತ್ತೀರಿ, ನಿಮ್ಮ ದಾರಿ ಯಾವುದು ಎಂದು ಕೇಳಿದರು. ಈ ಪ್ರಶ್ನೆಗೆ ಉತ್ತರ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅದು ನೆನಪಿಗೆ ಬರಲೇ ಇಲ್ಲ. ಲಾರಿ ವಾಪಸ್ಸು ಬಂದ ಕತೆ ಹೇಳಿದೆ. ಯಾಕೆ ತಪ್ಪಿತು, ಹೇಗೆ ತಿದ್ದಿದೆ, ಹೊಸದಾಗಿ ಬರೆಯುವಾಗ ಸ್ಟ್ರಟ್ಸ್ ಯಾಕೆ ಬೇಕಾಯಿತು ಎಂದು ಅವರ ಬಿಳಿ ಹಲಗೆಯ ಮೇಲೆ ಗೆರೆ ಎಳೆದು ತೋರಿಸಿದೆ. ತಪ್ಪನ್ನು ಪತ್ತೆ ಮಾಡಿದವರು ನಮ್ಮ ವೈನಿ ಎಂದಾಗ ಅವರು ನಕ್ಕು, ಅವರೂ ಕೆಲಸ ಹುಡುಕುತ್ತಿದ್ದಾರೆಯೇ ಎಂದು ಕೇಳಿದರು. ಮುಂದಿನ ವಾರ ನನಗೆ ಕೆಲಸದ ಕಾಗದ ಬಂತು. ಅಲ್ಲಿಗೆ ಸೇರಿದ ಎರಡು ವರ್ಷಕ್ಕೆ ನನ್ನ ಮದುವೆಯೂ ಆಯಿತು. ಮನೆ ಔಂಧ್‌ನಲ್ಲಿ, ತವರು ರಿಕ್ಷಾದಲ್ಲಿ ಹೋಗಿಬರುವಷ್ಟೇ ದೂರ. ನಾನು ಯಾವ ಭಾಷೆಯಲ್ಲಿದ್ದೇನೆ ಎಂದು ಆ ಮನೆಯವರು ಕೇಳಲಿಲ್ಲ.

ವೈನಿಯ ಸರದಿ ಆಮೇಲೆ ಬಂತು. ಮಾಲೀಕರ ಮಗ ಕಾರ್ಖಾನೆಯ ಆಡಳಿತ ವಹಿಸಿಕೊಂಡು, ಖರೀದಿಯಿಂದ ಪಗಾರದವರೆಗೆ ಎಲ್ಲವನ್ನೂ ನಡೆಸುವ ಒಂದು ದೊಡ್ಡ ಸಿದ್ಧ ತಂತ್ರಾಂಶ ತರಿಸುವುದೆಂದು ನಿರ್ಧರಿಸಿದರು. ಫಾಕ್ಸ್‌ಪ್ರೊದಲ್ಲಿ ಉಳಿದಿದ್ದ ವೈನಿಯ ಕೆಲಸವನ್ನೂ ನನ್ನ ಪುಟಗಳನ್ನೂ ಮುಚ್ಚುವುದೆಂದಾಯಿತು. ಹೊಸ ತಂತ್ರಾಂಶದವರು ಟೈ ಕಟ್ಟಿಕೊಂಡು ಬಂದು, ಇನ್ನು ನಿಮಗೆ ಪ್ರೋಗ್ರಾಮು ಬರೆಯುವ ಕಷ್ಟವೇ ಇಲ್ಲ ಮೇಡಂ ಎಂದು ವೈನಿಗೆ ಹೇಳಿದರಂತೆ.

ಆ ಭಾನುವಾರ ನಾನು ಖಡಕಿಗೆ ಹೋದಾಗ ವೈನಿ ಮಂಕಾಗಿದ್ದರು. ಅಷ್ಟು ವರ್ಷ ಕಲಿತದ್ದು ಬಟ್ಟೆಯ ಗಂಟಿನ ಹಾಗೆ ಮೂಲೆಗೆ ಬಿತ್ತು ಎಂದರು. ಹೊಸದು ಕಲಿಯುವ ವಯಸ್ಸು ದಾಟಿತೇನೋ ಎಂದೂ ಅಂದರು. ನಾನು ಕೂಡಲೇ, ಜಾವಾ ಕಲೀರಿ ವೈನಿ, ನಾನು ಹೇಳಿಕೊಡುತ್ತೇನೆ ಎಂದೆ. ಪುಸ್ತಕಗಳನ್ನೂ ತಂದುಕೊಟ್ಟೆ. ಅವರು ನನ್ನ ಮನಸ್ಸು ನೋಯಿಸಬಾರದೆಂದು ಒಂದೆರಡು ವಾರ ಓದಿದರು. ಆಮೇಲೆ ಒಂದು ದಿನ ಪುಸ್ತಕಗಳನ್ನು ಚೀಲದಲ್ಲಿ ಹಾಕಿ ನನಗೆ ವಾಪಸ್ಸು ಕೊಟ್ಟರು.

"ಇದು ನಿನಗ ಛಲೋ. ನನಗ ಬ್ಯಾಡ. ಪರದಿ ಬದಲಾಗ್ತಾವ, ಪುಟ ಬದಲಾಗ್ತಾವ. ಮಾಲು ಎಲ್ಲದ, ಎಷ್ಟದ ಅನ್ನೂದು ಎಲ್ಲ್ಯರ ಒಂದ ಕಡೆ ಇರೂದ ಅಲ್ಲಾ? ಅದನ್ನ ಕೇಳೂ ಭಾಷಾ ಕಲೀತೀನಿ."

ಅವರು ಹೇಳಿದ್ದು ಎಸ್‌ಕ್ಯೂಎಲ್ ಬಗ್ಗೆ. ಮೇಲೆ ಯಾವ ತಂತ್ರಾಂಶವೇ ಇರಲಿ, ಒಳಗೆ ಶೇಖರವಾಗಿರುವ ಮಾಹಿತಿಯನ್ನು ಕೇಳುವ, ತೆಗೆಯುವ, ಜೋಡಿಸುವ ಭಾಷೆ. ನಾನು ದಿನವೂ ಅದನ್ನು ಅಷ್ಟಿಷ್ಟು ಬಳಸುತ್ತಿದ್ದೆ, ಆದರೆ ಕಲಿಯಲು ಆರಿಸಿಕೊಳ್ಳುವ ಭಾಷೆ ಎಂದು ಅದನ್ನು ಯಾವತ್ತೂ ಎಣಿಸಿರಲಿಲ್ಲ. ವೈನಿಗೆ ಅದು ಹೊಸದೂ ಆಗಿತ್ತು, ಫಾಕ್ಸ್‌ಪ್ರೊದ ರೂಢಿಯಿಂದ ಅರ್ಧ ಗೊತ್ತಿದ್ದದ್ದೂ ಆಗಿತ್ತು. ಭಾನುವಾರಗಳಂದು ನಾನು ಪ್ರಶ್ನೆ ಹಾಕುತ್ತಿದ್ದೆ, ಅವರು ಬರೆಯುತ್ತಿದ್ದರು. ಸ್ವಲ್ಪ ದಿನಕ್ಕೆ ಅವರೇ ನನಗೆ ಪ್ರಶ್ನೆ ಹಾಕತೊಡಗಿದರು. ಒಮ್ಮೆ ನಾನು ಉದ್ದವಾಗಿ ಬರೆದದ್ದನ್ನು ಮೂರು ಸಾಲಿಗೆ ಇಳಿಸಿ, ಅಣ್ಣನನ್ನು ಕರೆದು ತೋರಿಸಿದರು. ಅಣ್ಣನಿಗೆ ಏನೂ ತಿಳಿಯಲಿಲ್ಲ. ಮೂರು ಸಾಲು ಕಡಿಮೆಯೇ ಅಲ್ಲವೇ ಎಂದು ಮೆಚ್ಚಿಕೊಂಡ.

ಟೈ ಕಟ್ಟಿಕೊಂಡವರಿಗೆ ಹೊಸ ತಂತ್ರಾಂಶ ಗೊತ್ತಿತ್ತು, ಅದನ್ನು ಅವರು ಚೆನ್ನಾಗಿಯೇ ಕೂರಿಸಿದರು. ಆದರೆ ಹಳೆಯ ಮಾಹಿತಿಯನ್ನೆಲ್ಲ ಹೊಸದಕ್ಕೆ ಸಾಗಿಸುವ ಹೊತ್ತು ಬಂದಾಗ ಅವರಿಗೆ ವೈನಿ ಬೇಕಾದರು. ಒಂದೇ ಬಿಡಿಭಾಗಕ್ಕೆ ಭೋಸರಿಯಲ್ಲಿ ಒಂದು ಸಂಕೇತ, ಚಾಕಣದಲ್ಲಿ ಇನ್ನೊಂದು. ಕೆಲವು ಬಿಡಿಭಾಗಗಳನ್ನು ಮಾಡುವುದೇ ನಿಂತಿತ್ತು, ಹೆಸರು ಮಾತ್ರ ಉಳಿದಿತ್ತು. ಅವರ ತಂಡದ ಒಬ್ಬ ಹುಡುಗಿ ಮತ್ತು ವೈನಿ ಅಕ್ಕಪಕ್ಕ ಕೂತು ಒಂದೊಂದನ್ನೇ ಬಿಡಿಸಿದರು. ಹುಡುಗಿ ಹೊಸ ತಂತ್ರಾಂಶದ ಒಳಹೊರಗು ಹೇಳಿಕೊಟ್ಟಳು, ವೈನಿ ಮಾಲಿನ ಒಳಹೊರಗು ಹೇಳಿಕೊಟ್ಟರು. ಆ ಹುಡುಗಿ ಹುಬ್ಬಳ್ಳಿಯವಳು ಎಂದು ಮೂರನೆಯ ವಾರ ಗೊತ್ತಾಯಿತಂತೆ. ಅಲ್ಲಿಯವರೆಗೆ ಇಬ್ಬರೂ ಒಬ್ಬರಿಗೊಬ್ಬರು ಕಷ್ಟಪಟ್ಟು ಹಿಂದಿ ಮಾತಾಡಿದ್ದರು.

ಹೊಸದು ಶುರುವಾಗುವ ಸೋಮವಾರ ನಾನು ಆಫೀಸಿನಲ್ಲಿ ಮೊಬೈಲನ್ನು ಮೇಜಿನ ಮೇಲೇ ಇಟ್ಟುಕೊಂಡಿದ್ದೆ. ಊಟದ ಹೊತ್ತಿಗಿಂತ ಮುಂಚೆ ಫೋನು ಬಂತು. ಹಿಂದುಗಡೆ ಲಾರಿಯ ಎಂಜಿನ್ ಸದ್ದು.

"ಚೀಟಿ ಬಂತು. ಮಾಲು ಎಣಿಸಿ ನೋಡಿದ್ವಿ, ಲೆಕ್ಕ ತಾಳಿ ಆತು," ಎಂದರು ವೈನಿ.

ನಾವಿಬ್ಬರೂ ಬರೆದದ್ದು ಅವತ್ತಿಗೆ ಮುಚ್ಚಿ ಹೋಗಿತ್ತು, ಆದರೂ ಮನಸ್ಸು ಹಗುರವಾಗಿತ್ತು. ಬೇಜಾರಾಯಿತೇ ಎಂದು ಕೇಳಿದೆ. ಬೆಳಿಗ್ಗೆ ಹಳೆಯದನ್ನು ಮುಚ್ಚುವಾಗ ಒಂದು ಗಳಿಗೆ ಆಗಿತ್ತು, ಆಮೇಲೆ ಪುರುಸೊತ್ತೇ ಸಿಗಲಿಲ್ಲ ಎಂದರು. ಎರಡೂ ಕಾರ್ಖಾನೆಗಳ ಮಾಹಿತಿಯ ಜವಾಬ್ದಾರಿಯನ್ನು ತಮಗೇ ಕೊಟ್ಟಿದ್ದಾರೆಂದೂ, ಕೈಕೆಳಗೆ ಇಬ್ಬರನ್ನು ಕೊಡುತ್ತಾರಂತೆ ಎಂದೂ ಹೇಳಿದರು. ಹೊಸ ತಂತ್ರಾಂಶದಲ್ಲಿ ವರದಿಗಳನ್ನು ಬರೆಯಲು ಅದರದೇ ಒಂದು ಭಾಷೆ ಇದೆಯಂತೆ, ಹುಬ್ಬಳ್ಳಿಯ ಹುಡುಗಿ ಹೋಗುವುದರೊಳಗೆ ಅದನ್ನು ಅವಳಿಂದ ಕಲಿಯಬೇಕು ಎಂದರು. ಅದು ಎಷ್ಟು ವರ್ಷ ಬಾಳುತ್ತದೋ ಎಂದು ನಾನು ಅಭ್ಯಾಸಬಲದಿಂದ ಕೇಳಿದೆ.

"ಯಾರಿಗೆ ಗೊತ್ತದ? ಇರೂತನಕಾ ಇರ್ಲಿ. ನೀ ಭಾನುವಾರ ಬರ್ತಿಯಲ್ಲಾ?"

ಬರುತ್ತೇನೆ ಎಂದೆ. ಎರಡನೇ ಲಾರಿ ಬಂದಿತೆಂದು ಅವರು ಫೋನು ಇಟ್ಟರು.